ಪ್ರಯೋಗವು ರೈತನ ಹೊಲಕ್ಕೆ ಹಿಂದಿರುಗಲಿ

ತುಮಕೂರಿನಿಂದ ಪಡುವಲಿಗೆ ಗುಬ್ಬಿಯ ಕಡೆಗೂ ತೆಂಕಲಿಗೆ ಕುಣಿಗಲ್ಲಿನ ಕಡೆಗೂ ಸಾಗುವ ದಾರಿಗಳ ಇಕ್ಕೆಲಗಳಲ್ಲಿ, ಒಂದು ತಲೆಮಾರಿನ ಹಿಂದೆ ರಾಗಿ, ಅವರೆ, ಹುರುಳಿಗಳನ್ನು ಬೆಳೆಯುತ್ತಿದ್ದ ಬೆದ್ದಲು ಭೂಮಿಯ ಎಷ್ಟೋ ಭಾಗವು ಇಂದು ಅಡಕೆಯ ತೋಟವಾಗಿ ಮಾರ್ಪಟ್ಟಿರುವುದನ್ನೂ, ಆ ತೋಟಗಳಿಗೆ ನೀರುಣಿಸುವ ಕೊಳವೆ ಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿರುವುದನ್ನೂ ಕಂಡವರಿಗೆ, ಈ ಜಿಲ್ಲೆಯ ಬೇಸಾಯಗಾರನ ಮುಂದಿರುವ ಪ್ರಶ್ನೆ ಯಾವುದೆಂದು ವಿವರಿಸಬೇಕಾಗಿಲ್ಲ. ಇರುವ ನೀರಿಗೆ ಯಾವ ಬೆಳೆ ಒಪ್ಪುವುದು, ಇರುವ ಮಣ್ಣಿಗೆ ಯಾವ ತಳಿ ಒಗ್ಗುವುದು, ಈ ವರ್ಷ ಹಾಕಿದ ಹಣವು ಮುಂದಿನ ವರ್ಷವಾದರೂ ಹಿಂದಿರುಗುವುದೇ ಎಂಬೀ ಪ್ರಶ್ನೆಗಳಿಗೆ ಅವನು ಉತ್ತರವನ್ನು ಹುಡುಕಿಕೊಂಡು ಹೋಗುವುದು ಬಹುಮಟ್ಟಿಗೆ ಗೊಬ್ಬರ, ಔಷಧಿಗಳನ್ನು ಮಾರುವ ಅಂಗಡಿಗೆ. ಮಾರುವವನೇ ಸಲಹೆಗಾರನೂ ಆಗಿರುವ ಈ ವ್ಯವಸ್ಥೆಯನ್ನು ನಾವು ಸಹಜವೆಂದು ಒಪ್ಪಿಕೊಂಡಿರುವುದು ನನಗೆ ಬಹಳ ಖೇದದ ಸಂಗತಿಯಾಗಿ ತೋರುತ್ತದೆ. ಏಕೆಂದರೆ, ಇದೇ ನಾಡಿನಲ್ಲಿ, ನೂರು ವರ್ಷಗಳ ಹಿಂದೆ, ಇದಕ್ಕಿಂತ ಉತ್ತಮವಾದ ಒಂದು ಏರ್ಪಾಡು ರೂಪುಗೊಳ್ಳುತ್ತಿತ್ತು.

ಆ ಏರ್ಪಾಡಿನ ಬೇರು ಒಂದು ಮಹಾದುರಂತದಲ್ಲಿದೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕಾಡಿದ ಕ್ಷಾಮವು ಎಂತಹುದೆಂಬುದನ್ನು ಜನಗಣತಿಯ ಎರಡು ಅಂಕಿಗಳೇ ಹೇಳುತ್ತವೆ: 1871ರಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷವನ್ನೂ ಮುಟ್ಟಲಿಲ್ಲ. ಮಳೆಯನ್ನೂ ಕೆರೆಯನ್ನೂ ಮಾತ್ರ ನಂಬಿದ್ದ ತುಮಕೂರು ಸೀಮೆಯ ಬಯಲು ಹಳ್ಳಿಗಳು ಈ ಕ್ಷಾಮದಲ್ಲಿ ಬಹಳವಾಗಿ ನೊಂದವು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲುಮಾರ್ಗ ಬಂದಿತೆಂದರೆ ಅದಕ್ಕೂ ಈ ಕ್ಷಾಮದ ನೆನಪೇ ಪ್ರೇರಣೆ. ಇನ್ನೊಮ್ಮೆ ಮಳೆ ಕೈಕೊಟ್ಟಾಗ ಧಾನ್ಯವನ್ನು ಹೊತ್ತು ತರಲು ಹಾದಿಯಿರಬೇಕೆಂಬುದು ಅದರ ಮುಖ್ಯೋದ್ದೇಶಗಳಲ್ಲೊಂದಾಗಿತ್ತು. ಆದರೆ ಧಾನ್ಯವನ್ನು ತರುವ ಹಾದಿ ಬೇರೆ, ಧಾನ್ಯವನ್ನು ಬೆಳೆಯುವ ಹಾದಿ ಬೇರೆ. 1880ರ ಕ್ಷಾಮ ಆಯೋಗವು ಪ್ರಾಂತ ಪ್ರಾಂತದಲ್ಲಿಯೂ ಕೃಷಿ ಇಲಾಖೆಯಿರಬೇಕೆಂದು ಸೂಚಿಸಿತು. ಇಂಗ್ಲೆಂಡಿನಿಂದ ಬಂದು ದೇಶವನ್ನು ಸುತ್ತಿನೋಡಿದ ಜಾನ್ ಆಗಸ್ಟಸ್ ವೋಲ್ಕರ್ ಎಂಬ ರಸಾಯನಜ್ಞನು 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಇಲ್ಲಿಯ ಒಳ್ಳೆಯ ಬೇಸಾಯಗಾರನು ಬ್ರಿಟನ್ನಿನ ಸಾಮಾನ್ಯ ಬೇಸಾಯಗಾರನಿಗೆ ಯಾವುದರಲ್ಲಿಯೂ ಕಡಿಮೆಯಿಲ್ಲವೆಂದೂ, ಅವನಿಗೆ ಬುದ್ಧಿ ಹೇಳುವುದಕ್ಕೆ ಮೊದಲು ಅವನಿಂದ ಕಲಿಯಬೇಕೆಂದೂ ಅಭಿಪ್ರಾಯಪಟ್ಟನು. ಆಳುವ ಜನಾಂಗಕ್ಕೆ ಸೇರಿದವನೊಬ್ಬನು ಅಂದಿನ ಕಾಲದಲ್ಲಿ ಆಡಿದ ಈ ಮಾತಿಗೆ ಇಂದೂ ಬೆಲೆಯುಂಟು.

1899ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರ ಆಶ್ರಯದಲ್ಲಿ ಬೆಂಗಳೂರಿನ ಹೆಬ್ಬಾಳದ 30 ಎಕರೆ ನೆಲದಲ್ಲಿ ಕೃಷಿ ಪ್ರಯೋಗಕ್ಷೇತ್ರವು ಆರಂಭವಾಯಿತು. ಅಡಾಲ್ಫ್ ಲೆಹ್ಮನ್ ಎಂಬ ಕೃಷಿರಸಾಯನಜ್ಞರು ಮಣ್ಣು, ಗೊಬ್ಬರಗಳ ಪರೀಕ್ಷೆಯನ್ನು ಕೈಗೊಂಡರು. ಬಿಹಾರದ ಪೂಸಾದಲ್ಲಿ ಇಡೀ ದೇಶಕ್ಕೆಂದು ಸಂಶೋಧನಾಲಯ ಸ್ಥಾಪಿತವಾದದ್ದು 1905ರಲ್ಲಿ. ಅದಕ್ಕಿಂತ ಮೊದಲೇ ಮೈಸೂರು ತನ್ನ ಹೆಜ್ಜೆಯಿಟ್ಟಿತ್ತೆಂಬುದು ನಾವು ಮರೆಯಬಾರದ ವಿಷಯ. 1908ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ತರುಣ ವಿಜ್ಞಾನಿ ಸಂಸ್ಥಾನದ ಸೇವೆಗೆ ಬಂದರು. 1913ರಲ್ಲಿ ಕೃಷಿ ಇಲಾಖೆ ಸ್ವತಂತ್ರವಾಗಿ ಏರ್ಪಟ್ಟಾಗ ಅದರ ನಿರ್ದೇಶಕರಾದರು. 1934ರವರೆಗೆ ಈ ನಾಡಿನಲ್ಲಿ ದುಡಿದು ಸ್ವದೇಶಕ್ಕೆ ಮರಳಿದರು.

ಕೋಲ್ಮನ್ನರ ಹೆಸರು ಮಲೆನಾಡಿನಲ್ಲಿ ಇಂದಿಗೂ ಉಳಿದಿರುವುದು ಅಡಕೆಯ ಕೊಳೆರೋಗದ ದೆಸೆಯಿಂದ. ಮುಂಗಾರಿನ ಎಡೆಬಿಡದ ಮಳೆಯಲ್ಲಿ ಎಳೆಯ ಅಡಕೆಯ ಗೊನೆಗಳು ಬಿಳಿಯ ಬೂಷ್ಟು ಹಿಡಿದು ಕೊಳೆತು ಉದುರಿಹೋಗುವ ಆ ವ್ಯಾಧಿಗೆ ತೋಟಿಗರು ಕಂಡುಕೊಂಡಿದ್ದ ಉಪಾಯವೆಂದರೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ತಪ್ಪಿಸುವುದು. ಶ್ರಮವೂ ಹೆಚ್ಚು, ವೆಚ್ಚವೂ ಹೆಚ್ಚು. ಕೋಲ್ಮನ್ನರು ರೋಗದ ಕಾರಣ ಒಂದು ಬಗೆಯ ಶಿಲೀಂಧ್ರವೆಂಬುದನ್ನು ನಿರ್ಧರಿಸಿ 1910ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಮಳೆಗೆ ಮುನ್ನವೇ ಗೊನೆಗಳಿಗೆ ಸಿಂಪಡಿಸಿದರೆ ರೋಗವನ್ನು ತಡೆಯಬಹುದೆಂಬುದನ್ನು ತೋಟಗಳಲ್ಲಿಯೇ ತೋರಿಸಿಕೊಟ್ಟರು. ಈ ದ್ರಾವಣದಲ್ಲಿ ಗೂಢವಾದುದು ಏನೂ ಇಲ್ಲ. ಮೈಲುತುತ್ತ ಮತ್ತು ಸುಣ್ಣ, ಇವೆರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಒಂದುಗೂಡಿಸುವುದು. ಹದವಾಯಿತೇ ಇಲ್ಲವೇ ಎಂಬುದನ್ನು ನೋಡಲು ಕುಡುಗೋಲಿನ ಅಲಗನ್ನು ಅದರಲ್ಲಿ ಅದ್ದಿ ತೆಗೆಯುವುದು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿಯನ್ನು ಬೆರೆಸುವುದು. ಪ್ರಯೋಗಾಲಯದ ಉಪಕರಣವಿಲ್ಲದೆ, ಕೈಯಲ್ಲಿರುವ ಕತ್ತಿಯಿಂದಲೇ ಪರೀಕ್ಷಿಸಿಕೊಳ್ಳಬಹುದಾದ ಔಷಧಿ ಇದು. ಇಂದಿಗೂ ಮಳೆಗಾಲದ ಮುನ್ನ ಮಲೆನಾಡಿನ ತೋಟಗಳಲ್ಲಿ ಔಷಧಿ ಹೊಡೆಯುವುದೆಂದರೆ ಬಹುಪಾಲು ಇದೇ ಔಷಧಿ. ನೂರು ವರ್ಷಗಳಿಗೆ ಮೀರಿ ಬಾಳಿರುವ ಈ ಪದ್ಧತಿಯ ಆಯುಸ್ಸಿಗೆ ಕಾರಣ ಅದರ ರಸಾಯನಗುಣ ಮಾತ್ರವಲ್ಲ. ರೈತನು ತಾನೇ ಕಲಸಿ, ತಾನೇ ಪರೀಕ್ಷಿಸಿ, ತನ್ನ ಮರದ ಮೇಲೆಯೇ ಫಲವನ್ನು ಕಂಡದ್ದು.

ಈ ಒಂದು ಸಂಗತಿಯೇ ನನ್ನ ವಾದದ ತಿರುಳು. ಅಂದಿನ ಮೈಸೂರಿನ ಕೃಷಿ ಸಂಶೋಧನೆಯಲ್ಲಿ ಶ್ಲಾಘ್ಯವಾದುದು ಇಂಥ ತಳಿ, ಇಂಥ ಔಷಧಿ ಎಂಬುದಲ್ಲ. ಪ್ರಶ್ನೆಯು ಹೊಲದಿಂದ ಬರಬೇಕು, ಉತ್ತರವು ಹೊಲದಲ್ಲಿಯೇ ಸಿದ್ಧಪಡಬೇಕು ಎಂಬ ವಿಧಾನ. 1911ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸೇರಿದ ಮೈಸೂರು ಆರ್ಥಿಕ ಸಮ್ಮೇಳನದ ಮೂರು ಸಮಿತಿಗಳಲ್ಲಿ ಒಂದು ಕೃಷಿಗೆ ಮೀಸಲಾಗಿದ್ದುದಲ್ಲದೆ, ಅದರ ಕೆಲಸಕ್ಕಾಗಿ ಜಿಲ್ಲೆ, ತಾಲ್ಲೂಕುಗಳ ಮಟ್ಟದಲ್ಲಿಯೂ ಸಮಿತಿಗಳು ರಚಿತವಾದವು. ಇದಕ್ಕಿಂತ ಮುಖ್ಯವಾದುದು 1918ರಲ್ಲಿ ಹುಟ್ಟಿದ ಮೈಸೂರು ಕೃಷಿ ಮತ್ತು ಪ್ರಯೋಗ ಸಂಘ. ಕೋಲ್ಮನ್ನರ ಹುಟ್ಟುನಾಡಾದ ಆಂಟೇರಿಯೊ ಪ್ರಾಂತದಲ್ಲಿ ಇಂತಹುದೇ ಹೆಸರಿನ ಸಂಘವೊಂದು ಅದಕ್ಕೆ ಎಷ್ಟೋ ವರ್ಷ ಮೊದಲೇ ಇದ್ದು, ಅಲ್ಲಿ ರೈತರು ತಂತಮ್ಮ ಹೊಲಗಳಲ್ಲಿ ಬೀಜ, ಗೊಬ್ಬರಗಳನ್ನು ಹೋಲಿಸಿನೋಡಿ ಫಲಿತಾಂಶವನ್ನು ಒಂದೆಡೆ ಕಲೆಹಾಕುತ್ತಿದ್ದರು. ಮೈಸೂರಿನ ಸಂಘವೂ ತನ್ನದೇ ತ್ರೈಮಾಸಿಕವೊಂದನ್ನು ಹೊರಡಿಸಿತು. ಸಂಘದ ಹೆಸರಿನಲ್ಲಿಯೇ ಪ್ರಯೋಗವೆಂಬ ಪದವನ್ನು ಇರಿಸಿಕೊಂಡವರ ಉದ್ದೇಶವು ರೈತನಿಗೆ ಉಪದೇಶ ಮಾಡುವುದಷ್ಟೇ ಆಗಿರಲಾರದು. ಅವನನ್ನು ಪ್ರಯೋಗದಲ್ಲಿ ಸಹಭಾಗಿಯನ್ನಾಗಿ ಮಾಡಬೇಕೆಂಬ ಆಶಯ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬಯಲುಸೀಮೆಯವರಾದ ನಮಗೆ ಕೊಳೆರೋಗಕ್ಕಿಂತ ಹತ್ತಿರವಾದುದು ರಾಗಿ. ಹೆಬ್ಬಾಳದಲ್ಲಿ ನಾಟಿ ರಾಗಿಗಳಿಂದ ಆಯ್ಕೆಮಾಡಿ ಶುದ್ಧಗೊಳಿಸಿದ ಹೆಚ್-22 ಎಂಬ ತಳಿಯು 1918ರ ವೇಳೆಗೆ ಹೊರಬಂದಿತು. ಮೈಸೂರಿನ ರಾಗಿ ಬೇಸಾಯವನ್ನೇ ವಿಷಯವಾಗಿ ಇರಿಸಿಕೊಂಡು ಕೋಲ್ಮನ್ನರು ಬರೆದ ಗ್ರಂಥವನ್ನು ಇಲಾಖೆಯು 1920ರಲ್ಲಿ ಪ್ರಕಟಿಸಿತು. ಬಡವರ ಕಾಳೆಂದು ವಿದ್ಯಾವಂತರು ಕಡೆಗಣಿಸಿದ್ದ ಒಂದು ಧಾನ್ಯವನ್ನು ಇಲಾಖೆಯ ನಿರ್ದೇಶಕರೇ ಕುಳಿತು ಅಭ್ಯಾಸ ಮಾಡಿದರೆಂಬುದು ಸಣ್ಣ ಮಾತಲ್ಲ.

ಆದರೆ ರಾಗಿಯ ಹೊಲವನ್ನು ಬಲ್ಲವರಿಗೆ ತಿಳಿದಿರುವಂತೆ, ಅಲ್ಲಿ ರಾಗಿಯೊಂದೇ ಇರುವುದಿಲ್ಲ. ಕುಣಿಗಲ್ ತಾಲ್ಲೂಕಿನ ಕೆಮ್ಮಣ್ಣಿನ ಹೊಲದಲ್ಲಿ ಪುನರ್ವಸು ಇಲ್ಲವೇ ಪುಷ್ಯದ ಮಳೆ ಹದವಾಗಿ ಬಿದ್ದ ಮೇಲೆ ಕೂರಿಗೆ ಕಟ್ಟಿ ಬಿತ್ತುವುದನ್ನು ಹತ್ತಿರ ನಿಂತು ನೋಡಬೇಕು. ಪುಡಿಗೊಬ್ಬರದೊಡನೆ ಬೆರೆಸಿದ ರಾಗಿಯ ಬೀಜವನ್ನು ಒಬ್ಬನು ಕೂರಿಗೆಯ ಬಟ್ಟಲಿಗೆ ಬಿಡುತ್ತ ನಡೆದರೆ, ಬಿದಿರಿನ ಕೊಳವೆಗಳಲ್ಲಿ ಇಳಿದ ಬೀಜ ಸಾಲುಸಾಲಾಗಿ ನೆಲವನ್ನು ಸೇರುತ್ತದೆ. ಹಿಂದೆ ಹಗ್ಗದಲ್ಲಿ ಕಟ್ಟಿದ ಸಡ್ಡೆಯನ್ನು ಹಿಡಿದು ಬರುವ ಹೆಂಗಸು, ಎಂಟು ಹತ್ತು ಸಾಲಿಗೊಂದರಂತೆ, ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಬೆರೆಸಿದ ಅಕ್ಕಡಿಯ ಕಾಳನ್ನು ಬಿಡುತ್ತಾಳೆ. ಮಡಿಲಿನಿಂದ ಹಿಡಿಯಲ್ಲಿ ತೆಗೆದ ಕಾಳು ಬೆರಳ ಸಂದಿಯಿಂದ ಒಂದೊಂದಾಗಿ ಇಳಿಯುವ ಆ ವೇಗವು ಎತ್ತಿನ ನಡಿಗೆಗೆ ಸರಿಹೊಂದಿರಬೇಕು. ಅವಸರವಾದರೆ ಸಾಲು ಒತ್ತಾಗುತ್ತದೆ, ತಡವಾದರೆ ಬರಿದಾಗುತ್ತದೆ. ಪೈರು ಮೇಲೆದ್ದ ಮೇಲೆ ಎಡೆಕುಂಟೆ ಹೊಡೆದು ಕಳೆಯನ್ನು ತೆಗೆದು, ಮಣ್ಣನ್ನು ಸಡಿಲಿಸುತ್ತಾರೆ. ರಾಗಿ ಕಟಾವಾಗಿ ಮೆದೆ ಸೇರಿದ ಮೇಲೂ ಅವರೆ ಹೂಬಿಡುತ್ತಿರುತ್ತದೆ, ತೊಗರಿ ಇನ್ನೂ ನಿಂತಿರುತ್ತದೆ. ಮಳೆ ಒಂದು ಬೆಳೆಗೆ ತಪ್ಪಿದರೆ ಮತ್ತೊಂದಕ್ಕೆ ಒದಗುವಂತೆ, ಮನುಷ್ಯನಿಗೆ ಹಿಟ್ಟು, ಬೇಳೆ, ಎಣ್ಣೆಗಳೂ ದನಕ್ಕೆ ಹುಲ್ಲೂ ಒಂದೇ ನೆಲದಿಂದ ದೊರೆಯುವಂತೆ ಏರ್ಪಡಿಸಿದ ಈ ಪದ್ಧತಿಯನ್ನು ಯಾವ ಇಲಾಖೆಯೂ ಕಲಿಸಿದುದಲ್ಲ.

ಆದರೆ ಸಂಶೋಧನೆಯ ಮುಂದಿನ ಇತಿಹಾಸವು ಹೆಚ್ಚಾಗಿ ಒಂಟಿ ಬೆಳೆಯ ತಳಿಯ ಇತಿಹಾಸವಾಯಿತು. ಅದರ ಸಾಧನೆಯನ್ನು ನಾನು ಕಿರಿದುಮಾಡುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ, ಜನರು ರಾಗಿ ಲಕ್ಷ್ಮಣಯ್ಯನವರೆಂದೇ ಕರೆದ ಸಿ.ಹೆಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರಗೊಳಿಸಿ ಪಡೆದ ಇಂಡಾಫ್ ತಳಿಗಳೂ, ಬೆಂಕಿರೋಗವನ್ನು ತಡೆದುಕೊಳ್ಳುವ ಜಿಪಿಯು-28 ತಳಿಯೂ ಈ ಸೀಮೆಯ ಕಣಜಗಳನ್ನು ತುಂಬಿಸಿದವು; ಆ ಮಹನೀಯರ ಋಣ ನಮ್ಮ ಮೇಲಿದೆ. ಆದರೂ ಅಕ್ಕಡಿಯ ಸಾಲು ಹೊಲಗಳಿಂದ ಮರೆಯಾಗುತ್ತ ಬಂದಾಗ, ಟ್ರ್ಯಾಕ್ಟರು ಎತ್ತಿನ ಸ್ಥಾನವನ್ನು ಆಕ್ರಮಿಸಿದಾಗ, ಆ ಮಿಶ್ರ ಬೇಸಾಯಕ್ಕೆ ಹೊಂದುವ ಉಪಕರಣವೇನು, ಯಾವ ರಾಗಿಯ ಜೊತೆಗೆ ಯಾವ ಅವರೆ ಒಗ್ಗುತ್ತದೆ ಎಂಬ ಪ್ರಶ್ನೆಗಳಿಗೆ ದೊರೆಯಬೇಕಾದಷ್ಟು ಗಮನ ದೊರೆಯಲಿಲ್ಲ.

ಈ ಅಲಕ್ಷ್ಯದ ಬೀಜವೂ ಆ ಹಳೆಯ ಕಾಲದಲ್ಲಿಯೇ ಇತ್ತೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಕನ್ನಂಬಾಡಿಯ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪನಿ ಸ್ಥಾಪನೆಯಾದ ಕಾಲಕ್ಕೆ ಸರ್ಕಾರದ ದೃಷ್ಟಿ ನಾಲೆಯ ನೀರಿನ ಕಡೆಗೂ ಕಬ್ಬಿನ ಕಡೆಗೂ ತಿರುಗಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿಗೊಂದು ಸಂಶೋಧನಾಕೇಂದ್ರ ಬಂದಿತ್ತು. ವರಮಾನ ತರುವ ಬೆಳೆಗೆ ವಿಜ್ಞಾನ ಬೇಗ ಒದಗುತ್ತದೆ. ಖುಷ್ಕಿ ಭೂಮಿಯ ಬಡ ಬೆಳೆಗೆ ಅದು ನಿಧಾನವಾಗಿ ಒದಗುತ್ತದೆ. ಹೀಗಾಗಿ ಖುಷ್ಕಿಯ ರೈತನೂ ವರಮಾನದ ಬೆಳೆಯ ಕಡೆಗೇ ತಿರುಗಿದನು. ಗುಬ್ಬಿಯು ಅಡಕೆಯ ವ್ಯಾಪಾರಕ್ಕೆ ಬಹು ಹಿಂದಿನಿಂದಲೂ ಹೆಸರಾದ ಊರು. 1800ರಲ್ಲಿ ಈ ದಾರಿಯಾಗಿ ಬಂದ ಪ್ರವಾಸಿ ಫ್ರಾನ್ಸಿಸ್ ಬುಕನನ್ ಅಲ್ಲಿಯ ಸಂತೆಯನ್ನೂ ವರ್ತಕರನ್ನೂ ಕುರಿತು ಬರೆದಿಟ್ಟಿದ್ದಾನೆ. ಆದರೆ ಅಂದಿನ ಅಡಕೆ ಕೆರೆಯ ಕೆಳಗಣ ಬಾಗಾಯ್ತಿನ ಬೆಳೆ. ಕೆರೆಯ ನೀರು ಎಲ್ಲಿಯವರೆಗೋ ತೋಟವೂ ಅಲ್ಲಿಯವರೆಗೆ. ಇಂದಿನ ಅಡಕೆ ದಿಣ್ಣೆಯನ್ನೂ ಏರಿದೆ.

ದಿಣ್ಣೆಗೆ ಅಡಕೆಯನ್ನು ಏರಿಸಿದ ರೈತನನ್ನು ದೂರುವವರು ಅನೇಕರಿದ್ದಾರೆ. ನಾನು ಅವರಲ್ಲೊಬ್ಬನಲ್ಲ. ಆಳು ದೊರೆಯದ, ಮಕ್ಕಳು ತುಮಕೂರಿಗೂ ಬೆಂಗಳೂರಿಗೂ ಕೆಲಸಕ್ಕೆ ಹೋಗಿಬಿಟ್ಟ ಮನೆಯಲ್ಲಿ, ವರ್ಷಕ್ಕೆ ಕೆಲವೇ ಸಲ ಕೊಯ್ದರೆ ಸಾಕಾಗುವ, ಚೇಣಿಗೆ ಕೊಟ್ಟರೆ ಅದೂ ಬೇಕಾಗದ ಬೆಳೆಯನ್ನು ಮುದುಕನೊಬ್ಬನು ಆರಿಸಿಕೊಂಡನೆಂದರೆ ಅದು ಅವನ ವಿವೇಕವೇ ಹೊರತು ದುರಾಸೆಯಲ್ಲ. ರಾಗಿಗೆ ಕೇಂದ್ರ ಸರ್ಕಾರವು 2025-26ನೆಯ ಸಾಲಿಗೆ ಕ್ವಿಂಟಲಿಗೆ 4,886 ರೂಪಾಯಿಯ ಬೆಂಬಲ ಬೆಲೆಯನ್ನು ಗೊತ್ತುಮಾಡಿತ್ತು. ಖರೀದಿ ಕೇಂದ್ರಗಳ ಮುಂದೆ ರೈತರು ಸಾಲುಗಟ್ಟಿ ನಿಲ್ಲುವುದನ್ನು ನೋಡಿದರೆ ಆ ಬೆಲೆ ಅವರಿಗೆ ಬೇಕಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಲೆಯೊಂದೇ ನೀತಿಯಾಗದು. ಹೇಮಾವತಿಯ ನೀರು ಯಾರಿಗೆ ಎಷ್ಟೆಂದು ಗುಬ್ಬಿಯವರೂ ಕುಣಿಗಲ್ಲಿನವರೂ ಆ ನೀರನ್ನು ಕುಣಿಗಲ್ಲಿಗೆ ಒಯ್ಯುವ ಲಿಂಕ್ ಕಾಲುವೆಯ ವಿಷಯದಲ್ಲಿ ಎದುರುಬದುರಾಗಿ ನಿಂತಿರುವ ಈ ದಿನಗಳಲ್ಲಿ, ಆ ನೀರು ಬಂದಮೇಲೆ ಅದರಿಂದ ಯಾವ ಬೆಳೆಯನ್ನು ಎಷ್ಟು ಎಕರೆಗೆ ಪೋಷಿಸಬಹುದು ಎಂಬುದನ್ನು ರೈತರೊಡನೆ ಕುಳಿತು ಲೆಕ್ಕಹಾಕುವ ಕೆಲಸವು ನೀರಿನ ಹಂಚಿಕೆಯ ವಾದದಷ್ಟೇ ಜರೂರಾದುದು. ನೆರೆಹೊರೆಯ ಎರಡು ತಾಲ್ಲೂಕುಗಳ ರೈತರು ಪರಸ್ಪರ ವೈರಿಗಳಂತೆ ಕಾಣಿಸಿಕೊಳ್ಳುವುದು ನನಗೆ ಬಹಳ ನೋವಿನ ವಿಷಯ. ಇಬ್ಬರ ಬಾವಿಯೂ ಬತ್ತಿದ್ದು ಒಂದೇ ಕಾರಣದಿಂದ.

ಸಂಶೋಧನೆಯು ಹೊಲಕ್ಕೆ ಹಿಂದಿರುಗಿದರೆ ಏನಾಗಬಲ್ಲದೆಂಬುದಕ್ಕೆ ದೂರದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರ ಜಮೀನಿನಲ್ಲಿದ್ದ ಹಲಸಿನ ಮರವೊಂದು ತಾಮ್ರಗೆಂಪಿನ ತೊಳೆಗಳ, ಎರಡೂವರೆ ಕಿಲೋ ತೂಕದ ಆಸುಪಾಸಿನ ಸಣ್ಣ ಹಣ್ಣುಗಳನ್ನು ಬಿಡುತ್ತಿತ್ತು. ಹಿರೇಹಳ್ಳಿಯಲ್ಲಿರುವ ಕೇಂದ್ರ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಗುರುತಿಸಿ, ಪರೀಕ್ಷಿಸಿ, ಮರವನ್ನು ನೆಟ್ಟ ಹಿರಿಯರ ನೆನಪಿಗಾಗಿ ಸಿದ್ದು ಹಲಸೆಂದು ಹೆಸರಿಟ್ಟು, ಕಸಿ ಸಸಿಗಳ ಮಾರಾಟದಿಂದ ಬರುವ ವರಮಾನದ ಬಹುಪಾಲು ಆ ರೈತಕುಟುಂಬಕ್ಕೇ ಸಲ್ಲುವಂತೆ 2017ರಲ್ಲಿ ಒಪ್ಪಂದ ಮಾಡಿಕೊಂಡರು. ತುಮಕೂರಿನ ಬಳಿಯ ನಂದಿಹಳ್ಳಿಯ ಹುಣಸೆಯ ತಳಿಯೊಂದಕ್ಕೂ ಲಕ್ಷ್ಮಣ ಎಂಬ ಹೆಸರಿನಿಂದ ಇಂತಹುದೇ ಮನ್ನಣೆ ದೊರೆಯಿತು. ತಳಿಯ ಒಡೆತನವು ರೈತನದೆಂದು ಒಪ್ಪಿಕೊಂಡು, ವಿಜ್ಞಾನಿಯು ಅದಕ್ಕೆ ಸಾಕ್ಷಿಯೂ ಸಹಾಯಕನೂ ಆಗಿ ನಿಂತ ಈ ನಡವಳಿಕೆಯನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚುತ್ತೇನೆ. ಹಲಸಿಗೂ ಹುಣಸೆಗೂ ಸಾಧ್ಯವಾದುದು ರಾಗಿಗೆ, ಅವರೆಗೆ, ತೆಂಗಿಗೆ ಏಕೆ ಸಾಧ್ಯವಾಗಬಾರದು?

ಹೋಬಳಿ ಹೋಬಳಿಗೂ ರೈತ ಸಂಪರ್ಕ ಕೇಂದ್ರವುಂಟು, ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳುಂಟು, ರೈತರ ಜಮೀನಿನಲ್ಲಿ ಪ್ರಾತ್ಯಕ್ಷಿಕೆಗಳೂ ಕ್ಷೇತ್ರೋತ್ಸವಗಳೂ ನಡೆಯುತ್ತಿವೆ. ಹಾಗಿರುವಾಗ ಹೊಸದಾಗಿ ಬೇಕಾದುದೇನು ಎಂದು ಅಧಿಕಾರಿಗಳು ಕೇಳಬಹುದು. ಆ ಕೆಲಸವನ್ನು ನಾನು ಅಲ್ಲಗಳೆಯುವುದಿಲ್ಲ. ಸೌಲಭ್ಯ ಅಲ್ಪವಾದರೂ ಶ್ರದ್ಧೆಯಿಂದ ದುಡಿಯುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಆದರೆ ಪ್ರಾತ್ಯಕ್ಷಿಕೆಯೆಂದರೆ ಮೊದಲೇ ನಿರ್ಧಾರವಾದುದನ್ನು ತೋರಿಸುವುದು. ಪ್ರಯೋಗವೆಂದರೆ ಇನ್ನೂ ನಿರ್ಧಾರವಾಗದುದನ್ನು ಕೂಡಿ ಹುಡುಕುವುದು. ಮೊದಲನೆಯದರಲ್ಲಿ ರೈತನು ಪ್ರೇಕ್ಷಕ, ಎರಡನೆಯದರಲ್ಲಿ ಕರ್ತೃ. ಸಂಪರ್ಕ ಕೇಂದ್ರದ ಮುಂದೆ ರಿಯಾಯಿತಿಯ ಬಿತ್ತನೆ ಬೀಜಕ್ಕಾಗಿ ನಿಂತವನನ್ನು, ಹೋದ ವರ್ಷ ನೀನು ಬಿತ್ತಿದ ತಳಿ ನಿನ್ನ ನೆಲದಲ್ಲಿ ಹೇಗೆ ಬಂದಿತಪ್ಪಾ ಎಂದು ಕೇಳಿ, ಅವನ ಉತ್ತರವನ್ನು ಬರೆದಿಟ್ಟುಕೊಳ್ಳುವ ಪುಸ್ತಕವೊಂದು ಅಲ್ಲಿ ಇರಬೇಕು.

ವಿಜ್ಞಾನಿಗಳ ಆಕ್ಷೇಪಣೆಯು ಇದಕ್ಕಿಂತ ತೂಕದ್ದು. ರೈತನ ಹೊಲದಲ್ಲಿ ಗೊಬ್ಬರ ಒಂದೇ ಸಮನಾಗಿರುವುದಿಲ್ಲ, ಬಿತ್ತನೆ ಒಂದೇ ದಿನ ಆಗುವುದಿಲ್ಲ, ಅಳತೆ ನಿಖರವಾಗಿರುವುದಿಲ್ಲ. ಅಂತಹ ಫಲಿತಾಂಶವನ್ನು ನಂಬುವುದು ಹೇಗೆ? ಒಂದು ಹೊಲದ ಫಲಿತಾಂಶವನ್ನು ನಂಬಬೇಕಾಗಿಲ್ಲವೆಂಬುದೇ ಇದಕ್ಕೆ ಉತ್ತರ. ಒಂದು ತಾಲ್ಲೂಕಿನ ನೂರು ಹೊಲಗಳಲ್ಲಿ, ಒಂದೊಂದರಲ್ಲಿಯೂ ಒಂದೇ ಹೋಲಿಕೆಯನ್ನು, ಅಂದರೆ ರೂಢಿಯ ಪದ್ಧತಿಯ ಒಂದು ಪಟ್ಟಿಯನ್ನೂ ಹೊಸ ಪದ್ಧತಿಯ ಒಂದು ಪಟ್ಟಿಯನ್ನೂ ಪಕ್ಕಪಕ್ಕದಲ್ಲಿ ಇರಿಸಿ ನೋಡಿದರೆ, ಸಂಶೋಧನಾಕ್ಷೇತ್ರದ ಸಮತಟ್ಟಾದ, ಬೇಲಿಯೊಳಗಿನ ನೆಲವು ಎಂದಿಗೂ ಹೇಳಲಾರದ ಸಂಗತಿ ಹೊರಬೀಳುತ್ತದೆ. ಕುಣಿಗಲ್ಲಿನ ದೊಡ್ಡಕೆರೆಯ ಅಚ್ಚುಕಟ್ಟಿನ ಮಣ್ಣಿಗೂ ಅದೇ ತಾಲ್ಲೂಕಿನ ಗುಡ್ಡದಂಚಿನ ಗರಸು ಮಣ್ಣಿಗೂ ಒಂದೇ ಶಿಫಾರಸು ಹೊಂದುವುದಿಲ್ಲವೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು. ಯಾವುದು ಎಲ್ಲಿ ಹೊಂದುತ್ತದೆಂಬುದನ್ನು ಗೊತ್ತುಮಾಡಲು ಇದೊಂದೇ ಮಾರ್ಗ.

ಆದಕಾರಣ, ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಕೃಷಿ ಪ್ರಯೋಗ ಸಂಘವನ್ನು ಪುನಃ ಕಟ್ಟಬೇಕೆಂದು ನಾನು ಕೋರುತ್ತೇನೆ. ಅದರ ಸದಸ್ಯರಲ್ಲಿ ಹೆಚ್ಚಿನವರು ಬೆದ್ದಲು ಬೇಸಾಯಗಾರರಾಗಿರಬೇಕು. ಬೀಜವನ್ನು ಆರಿಸಿ, ಬೂದಿ ಬೆರೆಸಿ, ಮುಂದಿನ ವರ್ಷಕ್ಕೆಂದು ಎತ್ತಿಡುವವರು ಹೆಂಗಸರಾದ್ದರಿಂದ ಅವರು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತರೆ ಸಾಲದು, ತೀರ್ಮಾನದಲ್ಲಿ ಪಾಲುಗೊಳ್ಳಬೇಕು. ಪ್ರಯೋಗದಲ್ಲಿ ಬೆಳೆ ಕೆಟ್ಟರೆ ನಷ್ಟವನ್ನು ಸರ್ಕಾರ ಭರಿಸಬೇಕು. ಜ್ಞಾನ ಎಲ್ಲರದೂ ಆದಮೇಲೆ ನಷ್ಟವು ಒಬ್ಬನದೇ ಆಗುವುದು ನ್ಯಾಯವಲ್ಲ. ಫಲಿತಾಂಶವು, ಗೆದ್ದುದೂ ಸೋತುದೂ ಎರಡೂ, ಬಿತ್ತನೆಗೆ ಮುನ್ನ ಕನ್ನಡದಲ್ಲಿ ಅಚ್ಚಾಗಿ ಪಂಚಾಯಿತಿಯ ಗೋಡೆಯ ಮೇಲೆ ಬರಬೇಕು. ಅಡಕೆಯ ತೋಟಕ್ಕೆ ಎಷ್ಟು ನೀರು ಕಡಿಮೆ ಮಾಡಿದರೆ ಎಷ್ಟು ಇಳುವರಿ ತಗ್ಗುವುದು, ಟ್ರ್ಯಾಕ್ಟರಿನ ಕೂರಿಗೆಯಲ್ಲಿ ಅಕ್ಕಡಿಯನ್ನು ಹೇಗೆ ಬಿಡುವುದು, ತೆಂಗಿನ ಕಪ್ಪುತಲೆ ಹುಳುವಿಗೆ ಪರೋಪಜೀವಿ ಕೀಟಗಳನ್ನು ಯಾವ ತಿಂಗಳಲ್ಲಿ ಬಿಟ್ಟರೆ ಫಲ ಹೆಚ್ಚು: ಮೊದಲ ವರ್ಷಕ್ಕೆ ಈ ಮೂರು ಪ್ರಶ್ನೆಗಳೇ ಧಾರಾಳವಾದವು. ಇವಕ್ಕಿಂತ ಜರೂರಾದುವು ರೈತರಿಗೆ ಹೊಳೆದರೆ ಅವೇ ಮೊದಲಾಗಲಿ. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ, ಹೊಸ ಕಟ್ಟಡವೂ ಬೇಕಾಗಿಲ್ಲ; ಹಿರೇಹಳ್ಳಿಯಲ್ಲಿ ವಿಜ್ಞಾನಿಗಳಿದ್ದಾರೆ, ಬೆಂಗಳೂರಿನಲ್ಲಿ ಹೆಬ್ಬಾಳದ ಪರಂಪರೆಗೆ ವಾರಸುದಾರವಾದ ಕೃಷಿ ವಿಶ್ವವಿದ್ಯಾನಿಲಯವಿದೆ. ಜಿಲ್ಲಾಡಳಿತವು ಬರುವ ಮುಂಗಾರಿಗೆ ಮುನ್ನ ಮೂರು ತಾಲ್ಲೂಕುಗಳಲ್ಲಿಯೂ ತಲಾ ಒಂದು ಸಭೆಯನ್ನು ಕರೆದು, ಅಧಿಕಾರಿಗಳು ಮಾತನಾಡುವುದಕ್ಕೆ ಮೊದಲು ರೈತರ ಪ್ರಶ್ನೆಗಳನ್ನು ಬರೆದುಕೊಂಡರೆ ಕೆಲಸ ಆರಂಭವಾದಂತೆ.